ಪರದೆಯ ಮೇಲೆ ನಮ್ಮ ಓಣಿ

ಮೊನ್ನೆ ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಒಬ್ಬ ಹಳೆಯ ಕಂಪ್ಯೂಟರ್ ಹಚ್ಚಿ ನೋಡುತ್ತಿದ್ದ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತೆ. ಲಿಂಗರಾಜಪುರದ ಮಹಡಿ ಮನೆಯ ಟ್ಯೂಷನ್ ಮೇಡಂ ನೆನಪಾದರು...

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಯಜಮಾನರಿಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ರಾಯಚೂರಿನಿಂದ ಬಂದ ನಾವು ಮೇಡಂ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಮೇಡಂ ಒಂಟಿ ಜೀವ. ಕಾಲೇಜು ಹುಡುಗರಿಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಪುಟ್ಟ ಮಗಳನ್ನು ಎತ್ತಿಕೊಂಡು ನಾನೂ ಬಾಗಿಲಲ್ಲಿ ಕೂರುತ್ತಿದ್ದೆ. ಅವರ ಕಂಪ್ಯೂಟರಿಗೂ ಅದೇ ಕಾದ ಧೂಳಿನ ವಾಸನೆ. ಪರದೆಯ ತುಂಬ ಹಸಿರು ಚುಕ್ಕಿಗಳು, ಅವೇ ಕಾಡಿನ ಮರಗಳಂತೆ. ಒಂದಕ್ಕೆ ಬೆಂಕಿ ತಗುಲಿ ಕೆಂಪಾದರೆ ಪಕ್ಕದ್ದೂ ಕೆಂಪಾಗುತ್ತಿತ್ತು.

ಆ ಮಳೆಗಾಲದಲ್ಲಿ ಓಣಿಗೆ ಡೆಂಗ್ಯೂ ಬಂತು. ಮೂಲೆಮನೆಯ ಕೂಸು ತೀರಿಕೊಂಡಿತು. ಮೇಡಂ ಅದೇ ಕಂಪ್ಯೂಟರಿನಲ್ಲಿ ಮರಗಳನ್ನು ತೆಗೆದು ನಮ್ಮ ಓಣಿಯ ಮನೆಗಳನ್ನು ಇಟ್ಟರು.

"ಬೆಂಕಿ ಫಿಸಿಕ್ಸು, ಜ್ವರ ಬಯಾಲಜಿ ಅಂತ ನಾವು ಪುಸ್ತಕ ಬೇರೆ ಮಾಡ್ಕೊಂಡಿದೀವಿ," ಎಂದರು ಹುಡುಗರಿಗೆ. "ಈ ಕಂಪ್ಯೂಟರಿಗೆ ಎರಡೂ ಒಂದೇ. ಪಕ್ಕದ ಚುಕ್ಕಿಯಿಂದ ಏನು ಸುದ್ದಿ ಬಂತು, ಅದರಿಂದ ಈ ಚುಕ್ಕಿ ಏನಾಯ್ತು, ಅಷ್ಟೇ ಲೆಕ್ಕ."

ಕೆಂಪು ಒಂದೊಂದೇ ಮನೆ ದಾಟಿ ನಮ್ಮ ಮನೆಗೆ ಬಂತು. ಮಗಳನ್ನು ಅವುಚಿಕೊಂಡೆ, ಸಿಟ್ಟೂ ಬಂತು.

"ಅಳಿಸ್ರೀ ಅದನ್ನ, ಮೇಡಂ. ನನ್ನ ಕೂಸು ಮಲಗೋ ಮನಿ ಅದು."

"ಹೆದರ್ಬೇಡಮ್ಮ. ಆಗಿಲ್ಲ, ಆಗ್ಬಹುದು ಅಷ್ಟೇ. ನೀರಿನ ಡ್ರಮ್ಮಿಗೆಲ್ಲಾ ಮುಚ್ಚಳ ಹಾಕಿದ್ರೆ ಏನಾಗುತ್ತೆ ನೋಡು."

ಈ ಸಲ ಕೆಂಪು ನಮ್ಮಿಂದ ದೂರದಲ್ಲೇ ನಿಂತಿತು. ಆದರೆ ಮಹಡಿಗೆ ಚುಕ್ಕಿಯೇ ಇರಲಿಲ್ಲ.

"ನಿಮ್ಮನಿ ಎಲ್ಲೈತ್ರಿ ಇದ್ರಾಗ?"

"ಅಯ್ಯೋ, ನನ್ನನ್ನೇ ಬಿಟ್ಬಿಟ್ಟಿದೀನಿ," ಎಂದು ನಕ್ಕರು. "ಸೇರಿಸೋಣ ಬಿಡು."

ಮರುದಿನದಿಂದ ತಮಿಳು, ಉರ್ದು, ಕನ್ನಡ ಕಲಸಿ ಮಾತಾಡುತ್ತ ಮನೆಮನೆಗೆ ಹೋಗಿ ಡ್ರಮ್ಮು ಮುಚ್ಚಿಸಿದರು. ನಾನು ಗಳಿಗೆಗೊಮ್ಮೆ ಮಗಳ ಹಣೆ ಮುಟ್ಟಿ ನೋಡುತ್ತಿದ್ದೆ. ನನಗೆ ಅನ್ನ ಸೇರುತ್ತಿರಲಿಲ್ಲ. ಅವಳಿಗೆ ಏನೂ ಆಗಲಿಲ್ಲ.

ಜ್ವರ ಬಂದದ್ದು ಮೇಡಂಗೆ. ಅವರ ಹೂಕುಂಡಗಳ ಕೆಳಗಿನ ತಟ್ಟೆಗಳಲ್ಲಿ ನೀರು ನಿಂತು ಸೊಳ್ಳೆಮರಿ ಆಡುತ್ತಿದ್ದದ್ದನ್ನು ನಾವು ಕಂಡದ್ದು ಆಮೇಲೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗಲೂ, "ಮಗು ಮೈ ಬಿಸಿ ಇಲ್ಲ ತಾನೇ?" ಎಂದು ಕೇಳಿದರು. ವಾಪಸು ಬರಲಿಲ್ಲ...

ಮಗಳೀಗ ನನಗಿಂತ ಎತ್ತರ. ಸ್ವಲ್ಪ ಮೈ ಬೆಚ್ಚಗಾದರೂ ನನ್ನ ಜೀವ ಬಾಯಿಗೆ ಬರುತ್ತದೆ. ಮಾತ್ರೆ ಕೊಡಲು ಡಾಕ್ಟರಿದ್ದಾರೆ. ಇದು ಬರೀ ಆಗಬಹುದಾದದ್ದು, ಆಗಿಲ್ಲ ಎಂದು ಹೇಳಿ ನನ್ನನ್ನು ನಂಬಿಸುವವರು ಯಾರೂ ಉಳಿದಿಲ್ಲ.