ಇಪ್ಪಿ ಹೂವ ಬಿದ್ದಾಗ ಹೇಳು

ಹೋದ ವಾರ ಉಮರೇಡ್ ಕಡೆ ಕೆಲಸವಿತ್ತು. ಕಾರಿನ ಕಿಟಕಿ ಇಳಿಸಿ ಕೂತಿದ್ದೆ. ರಸ್ತೆಯ ಪಕ್ಕ ಯಾರೋ ಹಳೇ ಸೀರೆ ಹಾಸಿ ಹಿಪ್ಪೆ ಹೂವು ಒಣಹಾಕಿದ್ದರು. ಆ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಸಿಹಿಯೂ ಹೌದು, ಹುಳಿ ಬಂದಂತೆಯೂ ಹೌದು. ಮೂಗಿಗೆ ಬಡಿದ ಕೂಡಲೇ ಪಕ್ಕದ ಮನೆಯ ಕಾಕಾ ನೆನಪಾದರು. ಡ್ರೈವರನಿಗೆ ಸ್ವಲ್ಪ ನಿಲ್ಲಿಸು ಎಂದೆ.

ನಾನು ಚಿಕ್ಕವನಿದ್ದಾಗ, ಇದೇ ಮರಾಠಿ ಸೀಮೆಯಲ್ಲಿ, ವಾಡಿಯ ಆಚೆಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಧಾರವಾಡ ಕಡೆಯವರು, ಕಾಕಾ ಗದಗಿನವರು. ಹೊರಗೆ ದಿನವಿಡೀ ಮರಾಠಿ, ಹಿಂದಿ. ಕನ್ನಡವೇನಿದ್ದರೂ ಸಂಜೆ ಕಟ್ಟೆಯ ಮೇಲೆ. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ ಕಾಕು ತೀರಿಕೊಂಡ ಮೇಲೆ ಕಾಕಾ ಒಲೆ ಹಚ್ಚುತ್ತಿದ್ದದ್ದು ಚಹಾಕ್ಕೆ ಮಾತ್ರ. ಬೆಳಿಗ್ಗೆ ಚಹಾ ಬಿಸ್ಕತ್ತು, ರಾತ್ರಿ ಬಿಸ್ಕತ್ತು ಚಹಾ. ಅವ್ವ ಕಳಿಸಿದ ಡಬ್ಬಿಯೇನೋ ತೊಳೆದು ವಾಪಸು ಬರುತ್ತಿತ್ತು, ಒಳಗಿದ್ದ ರೊಟ್ಟಿ ಬೀದಿಯ ಆಕಳಿಗೆ ಹೋಗಿರುತ್ತಿತ್ತು. ಈ ಸಂಗತಿ ಎಲ್ಲರಿಗೂ ಗೊತ್ತಿತ್ತು, ಆಕಳಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಕಾಕಾನ ಅಂಗಿ ಮೈಮೇಲೆ ಜೋತಾಡತೊಡಗಿತು. ಈ ಮನುಷ್ಯ ಹೀಗೇ ಉಣ್ಣದೆ ಒಂದು ದಿನ ಹೋಗಿಬಿಡುತ್ತಾರೆ ಎಂದು ಅವ್ವನಿಗೆ ನಿಜವಾಗಿಯೂ ಭಯವಿತ್ತು.

ಅವರು ಆಸೆಯಿಂದ ನೋಡುತ್ತಿದ್ದದ್ದೆಂದರೆ ಹಿಂದಿನ ಗುಡ್ಡದ ಮುಸ್ಯಾಗಳನ್ನು. ಕಪ್ಪು ಮುಖದ, ಉದ್ದ ಬಾಲದ ಕೋತಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ರಜೆಯ ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವು ಏನು ತಿನ್ನುತ್ತಿವೆ ಎಂದು ತೋರಿಸುತ್ತಿದ್ದರು. ಚಳಿಯಲ್ಲಿ ಬಲಿತ ಎಲೆ, ಬೋರೆಹಣ್ಣು. ಚಳಿ ಇಳಿಯುವಾಗ ಮುತ್ತುಗದ ಮೊಗ್ಗು. ಆಮೇಲೆ ಅರಳಿಯ ಕೆಂಪು ಚಿಗುರು, ನಸುಕಿನಲ್ಲಿ ಉದುರುವ ಹಿಪ್ಪೆ ಹೂವು, ಕಾಕಾನ ಬಾಯಲ್ಲಿ ಅದು ಇಪ್ಪಿ. ಬಿಸಿಲೇರಿದಾಗ ಆಲದ ಹಣ್ಣು, ಮಳೆಯ ಮುಂಚೆ ನೇರಳೆ. ಮಳೆ ಹಿಡಿದರೆ ಎಳೆ ಎಲೆ, ಜೊತೆಗೆ ಹುಳವನ್ನೂ ಬಿಡುತ್ತಿರಲಿಲ್ಲ. ಹಣ್ಣು ತುಂಬಿದ ಮರದಲ್ಲೂ ಹಣ್ಣಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿರಲಿಲ್ಲ. ಪಕ್ಕದ ಮರಕ್ಕೆ ಜಿಗಿದು ಒಂದಷ್ಟು ಎಲೆ ಹರಿದು ತಿನ್ನುತ್ತಿದ್ದವು. ಒಮ್ಮೊಮ್ಮೆ ಒಡ್ಡಿನ ಮಣ್ಣು ಕೆದರಿ ಬಾಯಿಗಿಡುತ್ತಿದ್ದವು... ಉಪ್ಪು ಬೇಕಾಗಿರಬೇಕು ಎನ್ನುತ್ತಿದ್ದರು ಕಾಕಾ.

ಶನಿವಾರ ಹನುಮಪ್ಪನ ವಾರವೆಂದು ಕ್ವಾರ್ಟರ್ಸಿನವರು ಅವಕ್ಕೆ ಬಾಳೆಹಣ್ಣು, ಚಪಾತಿ ಹಾಕುತ್ತಿದ್ದರು. ಒಂದು ಶನಿವಾರ ಅವ್ವನೂ ಬಿಸ್ಕತ್ತಿನ ಪುಡಿಕೆ ಹಿಡಿದು ಹೊರಟಳು. ಕಾಕಾ ಕಟ್ಟೆಯಿಂದಲೇ ಕೂಗಿದರು.

“ಬ್ಯಾಡ ತಂಗಿ! ಗುಡ್ಡದಾಗ ಅವಕ್ಕ ಬರೋಬರ್ ಊಟ ಐತಿ. ಇದರ ರುಚಿ ಹತ್ತಿತಂದ್ರ ಎಲಿ ಮೂಸಿ ಸುದ್ದಾ ನೋಡಂಗಿಲ್ಲ. ಹೊಟ್ಟಿ ಕೆಟ್ಟು ಸಾಯ್ತಾವು.”

ಅವರ ಕೈಯಲ್ಲಿ ಚಹಾದ ಬಟ್ಟಲಿತ್ತು. ಬಟ್ಟಲಲ್ಲಿ ಅರ್ಧ ಮುಳುಗಿದ ಬಿಸ್ಕತ್ತು.

ಅವ್ವ ಅಲ್ಲೇ ನಿಂತಳು. “ಹೇಳೂದು ಆಚಾರ, ತಿನ್ನೂದು ಬದನಿಕಾಯಿ! ಮುಸ್ಯಾಂದಷ್ಟ ಹೊಟ್ಟಿ ಏನ್ರಿ ಅಣ್ಣಾ? ನಿಮ್ಮದು ಹೊಟ್ಟಿ ಅಲ್ಲೇನು?”

ಕಾಕಾ ಬಟ್ಟಲೊಳಗೆ ನೋಡಿದರು. ಬಿಸ್ಕತ್ತು ಅಷ್ಟರಲ್ಲಿ ಕರಗಿ ತಳ ಸೇರಿತ್ತು. ಎದ್ದು ಒಳಗೆ ಹೋದರು. ಮಾತು ಅತಿಯಾಯಿತೇನೋ ಎಂದು ಅವ್ವ ಆ ದಿನವೆಲ್ಲ ಚಡಪಡಿಸಿದಳು. ಮರುದಿನ ಮಧ್ಯಾಹ್ನ ಅವರೇ ಖಾಲಿ ಡಬ್ಬಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಇವತ್ತ ಏನ್ ಪಲ್ಯಾ, ತಂಗಿ?”

ಆ ದಿನದಿಂದ ಆಕಳಿಗೆ ರೊಟ್ಟಿ ತಪ್ಪಿತು. ಚಳಿಗೆ ಮೆಂತ್ಯೆ ಪಲ್ಯ, ಹಸಿಕಡಲೆ. ಯುಗಾದಿಯ ಹೊತ್ತಿಗೆ ಹುಣಸೆ ಚಿಗುರಿನ ಚಟ್ನಿ. ಗುಡ್ಡದಲ್ಲಿ ಮುಸ್ಯಾಗಳು ಮರ ಬದಲಿಸಿದ ಕೂಡಲೇ ಕಾಕಾ ಬಂದು ಪಲ್ಯ ಬದಲಿಸಲು ಹೇಳುತ್ತಿದ್ದರು. ಅವ್ವ ಬೈಯುತ್ತಲೇ ಮಾಡಿಕೊಡುತ್ತಿದ್ದಳು. ಅಂಗಿ ಮತ್ತೆ ಮೈಗೆ ಸರಿಹೊಂದಿತು. ಹೀಗೇ ಕೆಲವು ವರ್ಷ ಚೆನ್ನಾಗಿ ಕಳೆದವು...

ನಾನು ಕಾಲೇಜು ಸೇರಿದ ಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಅವ್ವ ಗಂಜಿಯ ಚಮಚ ಹಿಡಿದರೆ ಮುಖ ತಿರುಗಿಸುತ್ತಿದ್ದರು. ನನ್ನನ್ನು ಕಂಡರೆ ಮಾತ್ರ ಕೇಳುತ್ತಿದ್ದರು: “ಈಗ ಏನ್ ತಿನ್ನಾಕತ್ತಾವು?”

“ಮುತ್ತಲದ ಮೊಗ್ಗರೀ ಕಾಕಾ.”

ಆಗ ಬಾಯಿ ತೆರೆಯುತ್ತಿದ್ದರು. ನನ್ನ ಒಂದು ಸುದ್ದಿಗೆ ಒಂದು ಚಮಚ ಗಂಜಿ. ಹಾಗಾಗಿ ದಿನಾ ಗುಡ್ಡದ ಕಡೆ ನೋಡಿಯೇ ಆಸ್ಪತ್ರೆಗೆ ಹೋಗುತ್ತಿದ್ದೆ. ಕೊನೆಯ ಸಲ ಹೊರಡುವಾಗ ಅವರೇ ಕರೆದರು: “ಇಪ್ಪಿ ಹೂವ ಬಿದ್ದಾಗ ಹೇಳಪಾ.”

ಅದು ಬೀಳುವ ಮುಂಚೆಯೇ ಹೋದರು. ಅವ್ವ ಬಹಳ ಅತ್ತಳು, ನಾನೂ ಅತ್ತೆ.

ಈಗ ಅವ್ವನೂ ಇಲ್ಲ. ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ನಾನಿರುವ ಲಕ್ಷ್ಮೀ ನಗರದಲ್ಲಿ ಹಿಪ್ಪೆ ಮರ ಎಲ್ಲೂ ಕಣ್ಣಿಗೆ ಬಿದ್ದಿಲ್ಲ.

ಉಮರೇಡ್ ರಸ್ತೆಯಲ್ಲಿ, ಆ ಸೀರೆಯ ಆಚೆ, ಮರದ ಕೆಳಗೆ ಮುಸ್ಯಾಗಳು ಹೂವು ಆರಿಸುತ್ತಿದ್ದವು. ಅದರಲ್ಲೊಂದು ಸ್ವಲ್ಪ ಹೂವು ತಿಂದು, ಪಕ್ಕದ ಮರ ಹತ್ತಿ ಚಿಗುರಿಗೆ ಕೈ ಹಾಕಿತು.

“ಇಪ್ಪಿ ಬಿತ್ರಿ, ಕಾಕಾ,” ಎಂದೆ.

ಡ್ರೈವರ್ ತಿರುಗಿ ನೋಡಿದ. “ಕುಛ್ ಬೋಲೇ, ಸಾಬ್?”

“ಕುಛ್ ನಹೀ. ಚಲೋ.”