ಬಿಸಿಲಿಗೆ ಹಾಕಿದ ಬಟ್ಟೆ

ಒಣಗಿದ ಬಟ್ಟೆಯನ್ನು ತಂತಿಯಿಂದ ತೆಗೆದ ಮೇಲೆ ನನ್ನ ಅತ್ತಿಗೆ ಅದನ್ನು ಒಮ್ಮೆ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಂಪು ಹತ್ತಿದರೆ ಮತ್ತೆ ತಂತಿಗೆ, ಬೆಚ್ಚಗಿದ್ದರೆ ಮಡಚಿ ಬುಟ್ಟಿಗೆ. ಸೀರೆಯೋ ಟವೆಲ್ಲೋ ಆಗಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಅವರು ಹಾಗೆ ಮಾಡುತ್ತಿದ್ದುದು ಮುಟ್ಟಿನ ಬಟ್ಟೆಗೆ. ಅದೂ ಮಹಡಿಯ ಮೇಲೆ, ಎದುರು ಮನೆಯ ಕಿಟಕಿಗೆ ನೇರ ಕಾಣುವ ಜಾಗದಲ್ಲಿ.

ಅವರು ನನ್ನ ಗಂಡನ ಅಕ್ಕ. ಬಸವಾಪಟ್ಟಣಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಜಗಳೂರಿನ ನಮ್ಮ ಮನೆಗೆ ಬಂದು, ಮಹಡಿಯ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡರು. ಮಕ್ಕಳಿರಲಿಲ್ಲ. ಹರೆಯದಲ್ಲಿ ಸರಿಯಾಗಿ ಆರದ ಬಟ್ಟೆಯನ್ನೇ ಕಟ್ಟಿಕೊಂಡು ಓಡಾಡಿ, ಸೋಂಕು ಹತ್ತಿ ಬಹಳ ನರಳಿದ್ದರಂತೆ. ನಾನು ಹೊನ್ನಾಳಿಯವಳು. ನನ್ನ ತವರಿನಲ್ಲಿ ಆ ಬಟ್ಟೆ ಗಂಡಸರ ಕಣ್ಣಿಗಿರಲಿ, ಪಕ್ಕದ ಮನೆಯ ಹೆಂಗಸರ ಕಣ್ಣಿಗೂ ಬೀಳಬಾರದು. ಬಚ್ಚಲಲ್ಲಿ ಲಂಗದ ಅಡಿಗೆ ಹರವಿದರೆ ಮುಗಿಯಿತು.

"ಅತ್ತಿಗೆ, ಬೀದಿಗೆಲ್ಲ ಕಾಣಿಸ್ತೈತೆ. ಮೇಲೊಂದು ಸೀರೆನಾದ್ರೂ ಹಾಕ್ರಿ," ಎಂದು ಒಮ್ಮೆ ಮುಖ ಗಂಟಿಕ್ಕಿಕೊಂಡು ಹೇಳಿದೆ.

"ಜಗಳೂರಾಗೆ ನೀರಿಗೆ ಬರ ಐತೆ, ಬಿಸಿಲಿಗಿಲ್ಲ. ಪುಕ್ಕಟೆ ಸಿಗೋದನ್ನ ಯಾಕೆ ಬಿಡ್ಬೇಕು? ನಿನ್ನವೂ ಕೊಡು, ಹಾಕ್ತೀನಿ," ಎಂದರು.

ನಾನು ಕೊಡಲಿಲ್ಲ.

ಬರೀ ಬಟ್ಟೆಯ ವಿಷಯವಾಗಿದ್ದರೆ ಹೇಗೋ ಹೊಂದಿಕೊಂಡು ಹೋಗುತ್ತಿದ್ದೆ. ನನ್ನ ಹೊಟ್ಟೆ ಉರಿಸಿದ್ದು ಮಗಳು. ಇರುವವಳು ಒಬ್ಬಳೇ. ಶಾಲೆಯಿಂದ ಬಂದವಳು ಅಡುಗೆಮನೆಯತ್ತ ತಿರುಗಿಯೂ ನೋಡದೆ ಸೀದಾ ಮಹಡಿ ಹತ್ತುತ್ತಿದ್ದಳು. ನಾನು ಜಡೆ ಹೆಣೆದರೆ ನೋವು, ಅತ್ತೆ ಹೆಣೆದರೆ ಹಿತ. ಮೇಲಿನಿಂದ ಇಬ್ಬರ ನಗು ಕೇಳುತ್ತಿತ್ತು. ನಾನು ಮೆಟ್ಟಿಲು ಹತ್ತಿದರೆ ನಿಲ್ಲುತ್ತಿತ್ತು. ಹೆತ್ತವಳು ಕೆಳಗೆ ರೊಟ್ಟಿ ಬಡಿಯುತ್ತಿರಬೇಕು, ಮಗಳ ಗುಟ್ಟೆಲ್ಲ ಮೇಲಿನವರಿಗೆ. ಇದು ಯಾವ ನ್ಯಾಯ ಎಂದು ರೊಟ್ಟಿಯನ್ನೇ ಜೋರಾಗಿ ಬಡಿಯುತ್ತಿದ್ದೆ.

ಮಗಳು ದೊಡ್ಡವಳಾದ ದಿನ ಮೊದಲು ನನ್ನ ಹತ್ತಿರ ಬರುತ್ತಾಳೆ, ಅಳುತ್ತಾಳೆ, ನಾನು ಸಮಾಧಾನ ಮಾಡಿ ನನ್ನ ಕೈಯಾರೆ ಕೊಬ್ಬರಿ ಬೆಲ್ಲ ತಿನ್ನಿಸುತ್ತೇನೆ ಎಂದೆಲ್ಲ ಎಣಿಸಿಕೊಂಡಿದ್ದೆ. ಆ ದಿನ ಅವಳು ಎಂದಿನಂತೆ ಮಹಡಿ ಹತ್ತಿದಳು. ಸಂಜೆ ಅತ್ತಿಗೆ ಇಳಿದು ಬಂದು, "ನಿನ್ನ ಮಗಳು ದೊಡ್ಡಾಕೆ ಆದ್ಲು. ಕೊಬ್ಬರಿ ಬೆಲ್ಲ ತಿನ್ಸೀನಿ, ಮಲ್ಗ್ಯಾಳೆ," ಎಂದರು. ನನ್ನ ಕೈಯಲ್ಲಿದ್ದ ಹಿಟ್ಟು ಅಲ್ಲೇ ಒಣಗಿತು.

"ನನಗ್ಯಾಕೆ ಮೊದ್ಲು ಹೇಳ್ಲಿಲ್ಲ?" ಎಂದು ಮಗಳನ್ನು ಕೇಳಿದೆ.

"ನೀನು ಮೂಲ್ಯಾಗೆ ಕೂರಿಸ್ತೀಯ ಅಂತ," ಎಂದಳು. ಕೂರಿಸುತ್ತಿದ್ದೆ, ಸುಳ್ಳೇಕೆ.

ಅತ್ತಿಗೆ ಹಳೆಯ ಹತ್ತಿ ಸೀರೆ ಕತ್ತರಿಸಿ ಅವಳಿಗೆ ಮೆತ್ತಗಿನ ಬಟ್ಟೆ ಹೊಲಿದುಕೊಟ್ಟರು. ಶಾಲೆಗೆ ಪ್ಯಾಡು, ಮನೆಯಲ್ಲಿ ಅತ್ತೆಯ ಬಟ್ಟೆ. ಒಂದು ದಿನ ಬಾಗಿಲಾಚೆ ನಿಂತು ನೋಡಿದೆ: ಅಳತೆಗೆ ಗೀಚುವ ಚಾಕ್‌ಪೀಸಿನಿಂದ ಕಪ್ಪು ಬಟ್ಟೆಯ ಮೇಲೆ ಗರ್ಭಕೋಶ ಬರೆದು ತೋರಿಸುತ್ತಿದ್ದರು. "ಇದು ಚೀಲ. ಇವು ಎರಡು ತೋಳು. ನಾಚ್ಕಣಾಕೆ ಏನೈತೆ ಇದ್ರಾಗೆ? ಹೊಟ್ಟೆ, ಕರುಳು ಇದ್ದಂಗೆ ಇದೂ ಒಂದು." ಮಗಳು ಅವರ ತೊಡೆಗೆ ಒರಗಿ ಕೂತಿದ್ದಳು. ಆ ತೊಡೆಯನ್ನು ನೋಡಿದರೂ ನನಗೆ ಸಿಟ್ಟು ಬಂತು.

ಮುಂದೆ ಅವರಿಗೆ ಮುಟ್ಟು ನಿಂತಿತು. "ನಮ್ಮಂಗಡಿ ಬಾಗ್ಲು ಹಾಕ್ತು," ಎಂದು ಅದನ್ನೂ ನಗುತ್ತಲೇ ಹೇಳಿದರು. ಮಹಡಿಯ ತಂತಿಯಲ್ಲಿ ಮಗಳ ಬಟ್ಟೆ ಮಾತ್ರ ಉಳಿಯಿತು.

ವರ್ಷಗಳು ಕಳೆದವು. ಮಗಳು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಗ, ಒಂದು ಬೆಳಿಗ್ಗೆ ಬಚ್ಚಲಲ್ಲಿ ಹಳೆಯ ಸೀರೆಯ ಅಡಿಗೆ ಒದ್ದೆ ಬಟ್ಟೆಯೊಂದು ಸಿಕ್ಕಿತು. ಮಗಳದೇ ಅಂದುಕೊಂಡೆ. ಕೊನೆಗೂ ನನ್ನ ದಾರಿಗೆ ಬಂದಳು, ಅಮ್ಮನ ಬುದ್ಧಿ ಕಲಿತಳು ಎಂದು ಒಳಗೊಳಗೇ ಹಿಗ್ಗಿದೆ. ಹಿಗ್ಗಿದ್ದು ಸಾಲದೆ, ಅತ್ತಿಗೆಗೆ ತೋರಿಸಿ ಬರೋಣವೆಂದು ಅದನ್ನು ಹಿಡಿದು ಮೇಲೆ ಹೋದೆ.

"ನೋಡ್ರಿ, ನಿಮ್ಮ ಸೊಸೆ ಈಗ ಬಚ್ಚಲಾಗೆ ಒಣಗ್ಸಾಕೆ ಹತ್ತ್ಯಾಳೆ," ಎಂದೆ.

ಅವರು ಮಿಷನ್ ನಿಲ್ಲಿಸಿದರು. "ಅದು ಅವಳ್ದಲ್ಲ. ನಂದು."

"ನಿಮ್ದು ನಿಂತು ಎಷ್ಟೋ ವರ್ಷ ಆತಲ್ಲ?"

"ತಿರುಗಿ ಶುರುವಾಗೈತೆ. ಮೊದ್ಲು ನಗು ಬಂತು, ಮುದುಕಿಗೆ ಹರೆಯ ಬಂತು ಅಂತ. ಈಗ ನಿಲ್ಲಂಗೇ ಇಲ್ಲ. ವಾಸ್ನೆನೂ ಐತೆ."

"ಯಾರಿಗೆ ಹೇಳೀರಿ?"

"ನಿನಗೇ ಮೊದ್ಲು. ಮೇಲೆ ಹಾಕಿದ್ರೆ ಪುಟ್ಟಿ ನೋಡ್ತಾಳೆ. ಅವಳು ಮಗು, ಅವಳಿಗೆ ಇಂಥದ್ದು ಹೇಳಾಕೆ ಆಗಲ್ಲ. ನಿನಗಾದ್ರೆ ಹೇಳ್ಬೋದು."

ಹೆದರಿಕೆಯಾಯಿತು. ಆದರೆ ಅದರ ಬೆನ್ನಿಗೇ ಖುಷಿಯೂ ಆಯಿತು. ನನಗೇ ಮೊದಲು. ಮಗಳಿಗಲ್ಲ, ನನಗೆ. ಅಂಥ ಹೊತ್ತಿನಲ್ಲೂ ಮನಸ್ಸು ಹೀಗೆ ಲೆಕ್ಕ ಹಾಕುತ್ತದೆ.

ಮರುದಿನವೇ ಅವರನ್ನು ಕರೆದುಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಮುಟ್ಟು ನಿಂತು ಹೋದ ಮೇಲೆ ಕಾಣಿಸುವ ರಕ್ತ ಮುಟ್ಟಲ್ಲ, ಒಂದು ಹನಿ ಕಂಡರೂ ಆವತ್ತೇ ಬರಬೇಕಿತ್ತು ಎಂದರು ಡಾಕ್ಟರಮ್ಮ. ತುಣುಕು ತೆಗೆದು ಕಳಿಸಿದರು, ವಾರದ ಮೇಲೆ ವರದಿ ಬಂತು: ಗರ್ಭಕೋಶದ ಬಾಯಿಯ ಕ್ಯಾನ್ಸರ್. ಅತ್ತಿಗೆ ನನ್ನ ಕೈ ಹಿಡಿದುಕೊಂಡೇ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಮುಂದೆ ತಳ್ಳಿ, "ಇವಳ್ನೂ ಒಂದ್ಸಲ ನೋಡ್ರಿ. ಇವಳು ಯಾರಿಗೂ ಏನೂ ಹೇಳಲ್ಲ," ಎಂದರು. ನನ್ನದು ಸರಿಯಾಗಿತ್ತು.

ಚಿಕಿತ್ಸೆಗೆಂದು ನಾವಿಬ್ಬರೂ ಎಷ್ಟು ಸಲ ಆ ಬಸ್ಸಿನಲ್ಲಿ ಹೋಗಿ ಬಂದೆವೋ. ದಾರಿಯುದ್ದಕ್ಕೂ ನನ್ನ ಭುಜಕ್ಕೆ ಒರಗುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮಗಳಿಗೂ ಹೇಳಿದೆವು. ಮುಂದಿನ ಬೇಸಿಗೆಯಲ್ಲಿ ಅವರು ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ, ಆ ತಿಂಗಳ ನನ್ನ ಬಟ್ಟೆಯನ್ನು ಮೊದಲ ಸಲ ಮಹಡಿಗೆ ಒಯ್ದೆ. ಎದುರು ಮನೆಯ ಕಿಟಕಿ ತೆರೆದೇ ಇತ್ತು. ಹರವಿ ಮುಗಿಸಿ ತಿರುಗಿದರೆ ಮಗಳು ನಿಂತಿದ್ದಳು.

"ಅತ್ತೆ ನಿನಗೇ ಮೊದ್ಲು ಹೇಳಿದ್ರಾ?" ಎಂದಳು.

"ಹೂಂ."

"ನನಗ್ಯಾಕೆ ಮೊದ್ಲು ಹೇಳ್ಲಿಲ್ಲ?"

ಅವಳ ತುಟಿ ಬಿಗಿದಿತ್ತು, ಕಣ್ಣು ನನ್ನನ್ನು ಸುಡುತ್ತಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅದೇ ಮುಖ ಹೊತ್ತು ನಾನು ಎಷ್ಟೋ ವರ್ಷ ಆ ಮೆಟ್ಟಿಲ ಕೆಳಗೆ ನಿಂತಿದ್ದೆ.