ಅತ್ತಿಗೆ ತುಳಿದ ಬ್ರೇಕು

ಗುಂಡ್ಲುಪೇಟೆ ಹತ್ತಿರ ಮುಂದಿದ್ದ ಈರುಳ್ಳಿ ಲಾರಿ ನಿಧಾನವಾದಾಗ, ಕಾರು ಓಡಿಸುತ್ತಿದ್ದ ಅತ್ತಿಗೆಯ ಕಾಲಡಿ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಬಿಟ್ಟಿತು. ಅವರು ಕೂಗಾಡಲಿಲ್ಲ. ಪೆಡಲನ್ನು ಬಲವಾಗಿ ತುಳಿದು ಹಿಡಿದು, ಗೇರ್ ಇಳಿಸುತ್ತಾ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು.

ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕಾರು ಸಲ ಒತ್ತಿ, ಕಾಲು ತೆಗೆಯದೆ ಮತ್ತೆ ಸ್ಟಾರ್ಟ್ ಮಾಡಿದರು. "ಈಗ ಪೆಡ್ಲು ಒಸಿ ಕೆಳಕ್ಕೋಗ್ಬೇಕಿತ್ತು, ಓಗ್ನಿಲ್ಲ. ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಕೆಟ್ಟದೆ ಕಣಮ್ಮಿ" ಎಂದರು ಹಿಂದೆ ಕೂತಿದ್ದ ನನಗೆ.

ಅವರ ಪಕ್ಕ ಕೂತಿದ್ದ ಅಣ್ಣನಿಗೆ ಬಂಡೀಪುರದ ಗೇಟು ರಾತ್ರಿಗೆ ಮುಚ್ಚುವ ಮೊದಲು ಕಾಡು ದಾಟುವ ಆತುರ. "ಮೆಲ್ಲಗೆ ಓಗನ ಬುಡು" ಎಂದ. ಅತ್ತಿಗೆ ಕೀ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. "ನಾಳೆನೂ ಗೇಟ್ ತೆಗಿತಾರೆ ಕಣ್ರೀ. ದಾಟಕ್ಕೆ ನಾವಿರ್ಬೇಕಲ್ವಾ?"

ಅಂದಿನಿಂದ ನಾನು ಪೆಡಲ್ ಒತ್ತಿ ನೋಡದೆ ಕಾರು ಹೊರಡಿಸುವುದಿಲ್ಲ. ಅಣ್ಣನ ಆತುರ ಹಾಗೇ ಇದೆ; ಕೀ ಮಾತ್ರ ಈಗ ಅತ್ತಿಗೆಯ ಸೆರಗಿನಲ್ಲಿರುತ್ತದೆ.